ಸುಟ್ಟರೇ ಪಾಲಿಪ್ ಹೋಗುವುದೇ?

ಸ್ಕೋಪ್ ತೂರಿಸಿ ದೊಡ್ಡಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೊಪಿ ಮುಗಿಸಿ ಬಂದವರ ವರದಿಯಲ್ಲಿ ಒಂದು ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ‘ಸಿಗ್ಮಾಯ್ಡ್ ಭಾಗದಲ್ಲಿ 6 ಮಿ.ಮೀ. ಪಾಲಿಪ್. ಕೋಲ್ಡ್ ಸ್ನೇರ್‌ನಿಂದ ತೆಗೆಯಲಾಗಿದೆ. ಬಯಾಪ್ಸಿಗೆ ಕಳಿಸಲಾಗಿದೆ.’ ಪರೀಕ್ಷೆ ಮಾಡಿಸಿಕೊಂಡವರ ಮಂಪರು ಇಳಿಯುವ ಮೊದಲೇ ಜೊತೆಗೆ ಬಂದವರು ಅದರ ಫೋಟೊ ತೆಗೆದು ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿರುತ್ತಾರೆ. ಅಲ್ಲಿಂದ ಶುರು. ‘ಕೋಲ್ಡ್ ಅಂದ್ರೆ ಐಸ್ ಹಾಕಿ ತೆಗೀತಾರಾ?’ ‘ನಮ್ಮ ಭಾವನಿಗೆ ಕರೆಂಟ್ ಕೊಟ್ಟು ಸುಟ್ಟಿದ್ರು, ಇವರಿಗ್ಯಾಕೆ ಸುಟ್ಟಿಲ್ಲ?’ ‘ಬಯಾಪ್ಸಿ ಅಂದ್ಮೇಲೆ ಏನೋ ಮುಚ್ಚಿಡ್ತಿದಾರೆ ಬಿಡಿ.’

ಐಸೂ ಇಲ್ಲ, ಮುಚ್ಚುಮರೆಯೂ ಇಲ್ಲ. ಭಾವನ ವಿಷಯ ಎತ್ತಿದವರ ಪ್ರಶ್ನೆ ಮಾತ್ರ ತೂಕದ್ದು. ಕರುಳಿನೊಳಗೆ ಎದ್ದ ಸಣ್ಣ ಗಂಟನ್ನು, ಅಂದರೆ ಪಾಲಿಪ್ ಅನ್ನು, ಸುಡಬೇಕೋ, ಸುಡದೆ ಕತ್ತರಿಸಬೇಕೋ ಎಂಬ ವಿಷಯದಲ್ಲಿ ವೈದ್ಯರೇ ದಶಕಗಳ ಕಾಲ ಒಂದು ಕಡೆ ನಿಂತಿದ್ದರು. ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಇನ್ನೊಂದು ಕಡೆಗೆ ಬಂದಿದ್ದಾರೆ. ಭಾವನಿಗೆ ಚಿಕಿತ್ಸೆ ಕೊಟ್ಟವರೂ ಆ ಕಾಲಕ್ಕೆ ಸರಿಯಾಗಿಯೇ ಮಾಡಿದ್ದರು.

ಇಲ್ಲಿ ಹೇಳುತ್ತಿರುವುದು 10 ಮಿಲಿಮೀಟರಿಗಿಂತ ಚಿಕ್ಕವಾದ ಪಾಲಿಪ್‌ಗಳ ಬಗ್ಗೆ. 5 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಇದ್ದರೆ ಅತಿಸಣ್ಣ, 6ರಿಂದ 9 ಇದ್ದರೆ ಸಣ್ಣ ಎಂದು ವೈದ್ಯರು ವಿಂಗಡಿಸುತ್ತಾರೆ. ಕೊಲೊನೋಸ್ಕೊಪಿಯಲ್ಲಿ ಕಣ್ಣಿಗೆ ಬೀಳುವುದರಲ್ಲಿ ಬಹುಪಾಲು ಈ ಎರಡು ಗುಂಪಿನವೇ. ತೆಗೆಯಲು ಮುಖ್ಯವಾಗಿ ಮೂರು ದಾರಿ ಇವೆ. ಪುಟ್ಟ ಚಿಮಟದಂಥ ಫೋರ್ಸೆಪ್ಸ್‌ನಿಂದ ಕಚ್ಚಿ ತೆಗೆಯುವುದು ಒಂದು. ತಂತಿಯ ಉರುಳನ್ನು ಬಿಗಿದು, ಕರೆಂಟ್ ಇಲ್ಲದೆ ಬರೀ ತಂತಿಯ ಒತ್ತಡದಿಂದಲೇ ಕತ್ತರಿಸುವುದು ಇನ್ನೊಂದು, ಇದೇ ಕೋಲ್ಡ್ ಸ್ನೇರ್. ಅದೇ ಉರುಳಿಗೆ ವಿದ್ಯುತ್ ಹರಿಸಿ, ಸುಡುತ್ತಾ ಕತ್ತರಿಸಿದರೆ ಹಾಟ್ ಸ್ನೇರ್. ಲೇಸರಿಗೆ ಇಲ್ಲಿ ಕೆಲಸವಿಲ್ಲ.

ತಪ್ಪು ಕಲ್ಪನೆ: ಪಾಲಿಪ್ ಎಂದರೆ ಮೂಲವ್ಯಾಧಿ. ಇಲ್ಲದಿದ್ದರೆ ಕ್ಯಾನ್ಸರ್.

ವಾಸ್ತವ: ಎರಡೂ ಅಲ್ಲ. ಮೂಲವ್ಯಾಧಿ ಗುದದ್ವಾರದ ರಕ್ತನಾಳಗಳು ಊದಿಕೊಂಡು ಬರುವ ತೊಂದರೆ. ಪಾಲಿಪ್ ದೊಡ್ಡಕರುಳಿನ ಒಳಗೋಡೆಯ ಲೋಳೆಪೊರೆಯಲ್ಲಿ ಎದ್ದ ಗಂಟು. ಒಂದು ಇನ್ನೊಂದಾಗಿ ಬದಲಾಗುವುದಿಲ್ಲ. ಪಾಲಿಪ್‌ಗಳಲ್ಲೂ ಜಾತಿಗಳಿವೆ. ಅಡೆನೋಮಾ ಎಂಬುದು ವರ್ಷಗಟ್ಟಲೆ ಬೆಳೆಯುತ್ತಾ ಹೋಗಿ ಕೆಲವರಲ್ಲಿ ಕ್ಯಾನ್ಸರ್‌ಗೆ ತಿರುಗಬಲ್ಲದು. ಹೈಪರ್‌ಪ್ಲಾಸ್ಟಿಕ್ ಎಂಬುದು, ಅದರಲ್ಲೂ ಗುದನಾಳದ ಸಮೀಪ ಇರುವ ಚಿಕ್ಕದು, ಬಹುಮಟ್ಟಿಗೆ ನಿರುಪದ್ರವಿ. ಚಪ್ಪಟೆಯಾಗಿ, ಲೋಳೆಯ ಪೊರೆ ಹೊದ್ದು, ಹೆಚ್ಚಾಗಿ ಬಲಭಾಗದ ಕರುಳಿನಲ್ಲಿ ಮಲಗಿರುವ ಸೆರೇಟೆಡ್ ಎಂಬುದು ಮೂರನೆಯದು. ಇದು ಕಣ್ಣಿಗೂ ತಪ್ಪುತ್ತದೆ, ಉರುಳಿಗೂ ತಪ್ಪುತ್ತದೆ. 5 ಮಿ.ಮೀ. ಒಳಗಿನ ಪಾಲಿಪ್‌ನಲ್ಲಿ ಆಗಲೇ ಕ್ಯಾನ್ಸರ್ ಇರುವುದು ತೀರಾ ಅಪರೂಪ. ಬಯಾಪ್ಸಿಗೆ ಕಳಿಸುವುದು ಯಾವ ಜಾತಿ ಎಂದು ತಿಳಿಯಲು. ಮುಂದಿನ ಪರೀಕ್ಷೆ ಯಾವಾಗ ಎಂಬುದು ಅದರ ಮೇಲೆ ನಿಂತಿದೆ.

ತಪ್ಪು ಕಲ್ಪನೆ: ಸುಟ್ಟರೆ ಬೇರುಸಮೇತ ಹೋಗುತ್ತದೆ. ಬರೀ ತಂತಿಯಲ್ಲಿ ಕತ್ತರಿಸಿದರೆ ಬುಡ ಉಳಿದು ಮತ್ತೆ ಚಿಗುರುತ್ತದೆ.

ವಾಸ್ತವ: ಈ ನಂಬಿಕೆ ಮನೆಯಲ್ಲಿ ಹುಟ್ಟಿದ್ದಲ್ಲ, ಆಸ್ಪತ್ರೆಯಲ್ಲೇ ಹುಟ್ಟಿದ್ದು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯಲ್ಲಿ ಹಿರೋಮಿ ಶಿನ್ಯಾ ಎಂಬ ಜಪಾನೀ ಮೂಲದ ವೈದ್ಯ ಮತ್ತು ಅವರ ಹಿರಿಯ ಸಹೋದ್ಯೋಗಿ ವಿಲಿಯಂ ವುಲ್ಫ್ ಹೊಟ್ಟೆ ಕೊಯ್ಯದೆ, ಕೊಲೊನೋಸ್ಕೋಪಿನ ಮೂಲಕವೇ ತಂತಿಯ ಉರುಳು ತೂರಿಸಿ ಪಾಲಿಪ್ ತೆಗೆಯುವ ವಿಧಾನ ಶುರುಮಾಡಿದರು. ಅದಕ್ಕೂ ಮೊದಲು ಮೇಲಿನ ಕರುಳಿನ ಪಾಲಿಪ್ ತೆಗೆಯಲು ದೊಡ್ಡ ಶಸ್ತ್ರಚಿಕಿತ್ಸೆಯೇ ಆಗಬೇಕಿತ್ತು. ಆ ಉರುಳಿನಲ್ಲಿ ಕರೆಂಟ್ ಹರಿಯುತ್ತಿತ್ತು. ಆಗ ತೆಗೆಯುತ್ತಿದ್ದುದು ಬಹುಪಾಲು ದೊಡ್ಡ, ತೊಟ್ಟಿರುವ ಪಾಲಿಪ್‌ಗಳನ್ನು. ತೊಟ್ಟಿನೊಳಗೆ ದಪ್ಪ ರಕ್ತನಾಳ ಇರುವುದರಿಂದ ಅಲ್ಲಿ ಕರೆಂಟ್ ಬೇಕೇ ಬೇಕು. ಆ ರೂಢಿಯೇ ಕಾಳಿನಷ್ಟು ಚಿಕ್ಕ ಪಾಲಿಪ್‌ಗಳಿಗೂ ಹರಡಿಕೊಂಡಿತು. ಕರೆಂಟ್ ಇಲ್ಲದೆಯೂ ಚಿಕ್ಕದನ್ನು ಕತ್ತರಿಸಬಹುದು ಎಂದು ಇಟಲಿಯ ವೈದ್ಯರು 1992ರಲ್ಲೇ ಬರೆದು ತೋರಿಸಿದರೂ ಎಷ್ಟೋ ವರ್ಷ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡನ್ನೂ ಎದುರುಬದುರು ನಿಲ್ಲಿಸಿ ನೋಡಿದಾಗ ಏನಾಯಿತು? ಜಪಾನಿನ 12 ಆಸ್ಪತ್ರೆಗಳು ಸೇರಿ ನಡೆಸಿ, 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 4ರಿಂದ 9 ಮಿ.ಮೀ.ಗಳ ಸುಮಾರು 800 ಪಾಲಿಪ್‌ಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಕೋಲ್ಡ್, ಇನ್ನೊಂದಕ್ಕೆ ಹಾಟ್ ಸ್ನೇರ್ ಬಳಸಿದರು. ತೆಗೆದ ಮೇಲೆ ಗಾಯದ ಅಂಚಿನಿಂದ ಮತ್ತೆ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರು, ಏನಾದರೂ ಉಳಿದಿದೆಯೇ ಎಂದು. ಪೂರ್ತಿ ಹೋಗಿದ್ದು ಕೋಲ್ಡ್‌ನಲ್ಲಿ 98.2%, ಹಾಟ್‌ನಲ್ಲಿ 97.4%. ಅಂದರೆ ಸುಟ್ಟಿದ್ದರಿಂದ ಏನೂ ಹೆಚ್ಚಾಗಿ ಸಿಗಲಿಲ್ಲ.

ಹಾಗಾದರೆ ಪಾಲಿಪ್ ಉಳಿದುಕೊಳ್ಳುವುದೇ ಇಲ್ಲವೇ? ಉಳಿಯುತ್ತದೆ, ಮತ್ತು ಅದು ಸಣ್ಣ ವಿಷಯವಲ್ಲ. 2013ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನ ವೈದ್ಯರ ವಲಯದಲ್ಲಿ ದೊಡ್ಡ ಮಾತಾಯಿತು. ಪೂರ್ತಿ ತೆಗೆದಿದ್ದೇವೆ ಎಂದು ವೈದ್ಯರು ಹೇಳಿದ 5ರಿಂದ 20 ಮಿ.ಮೀ.ಗಳ ಪಾಲಿಪ್‌ಗಳಲ್ಲಿ 10.1% ಉಳಿದುಕೊಂಡಿದ್ದವು. 5ರಿಂದ 9 ಮಿ.ಮೀ. ಗುಂಪಿನಲ್ಲಿ 6.8%. ಸೆರೇಟೆಡ್ ಜಾತಿಯಲ್ಲಂತೂ 31%! ಅದಕ್ಕಿಂತ ಮುಜುಗರದ ಸಂಗತಿ, ಒಬ್ಬ ವೈದ್ಯರಿಂದ ಇನ್ನೊಬ್ಬರಿಗೆ ಈ ಪ್ರಮಾಣ 6.5%ರಿಂದ 22.7%ವರೆಗೆ ಏರಿಳಿದಿತ್ತು. ಕೊಲೊನೋಸ್ಕೊಪಿ ಮಾಡಿಸಿಕೊಂಡ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಳ್ಳುವ ಕರುಳಿನ ಕ್ಯಾನ್ಸರ್‌ಗಳಲ್ಲಿ ಐದರಲ್ಲಿ ಒಂದರಷ್ಟು ಹಿಂದೆ ಅರೆಬರೆ ತೆಗೆದ ಪಾಲಿಪ್‌ನಿಂದ ಬಂದಿರಬಹುದು ಎಂಬ ಅಂದಾಜೂ ಇದೆ. ಕೈ ಯಾರದು ಎನ್ನುವುದು ಕರೆಂಟ್ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ಕೈಚಳಕ ಎಲ್ಲಿದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ವೈದ್ಯರು ಮೊದಲು ಸ್ಕೋಪನ್ನು ತಿರುಗಿಸಿ ಪಾಲಿಪ್ ಅನ್ನು ಪರದೆಯ ಕೆಳಭಾಗಕ್ಕೆ, ಗಡಿಯಾರದ ಐದು ಆರು ಗಂಟೆಯ ಜಾಗಕ್ಕೆ ತರುತ್ತಾರೆ, ಏಕೆಂದರೆ ಸಲಕರಣೆ ಹೊರಬರುವ ರಂಧ್ರ ಆ ಕಡೆಗೇ ಇರುತ್ತದೆ. ತಂತಿಯ ಉರುಳು ಬಿಚ್ಚಿಕೊಳ್ಳುತ್ತದೆ. ಪಾಲಿಪ್ ಒಂದೇ ಸಿಕ್ಕಿದರೆ ಸಾಲದು. ಸುತ್ತಲೂ ಒಂದೆರಡು ಮಿ.ಮೀ. ಆರೋಗ್ಯವಂತ ಲೋಳೆಪೊರೆಯೂ ಒಳಗೆ ಬರಬೇಕು. ಮಾವಿನಹಣ್ಣಿನ ಕೊಳೆತ ಜಾಗ ಕೊಯ್ಯುವಾಗ ಒಳ್ಳೆಯ ತಿರುಳನ್ನೂ ಒಂಚೂರು ಸೇರಿಸಿಕೊಳ್ಳುವುದಿಲ್ಲವೇ, ಹಾಗೆ. ಕರುಳಿನೊಳಗಿನ ಗಾಳಿಯನ್ನು ಸ್ವಲ್ಪ ಎಳೆದುಕೊಂಡರೆ ಗೋಡೆ ಸಡಿಲವಾಗಿ ಅಂಚು ತಾನಾಗಿ ಉರುಳಿನೊಳಗೆ ಸೇರುತ್ತದೆ. ‘ಕ್ಲೋಸ್, ನಿಧಾನ… ನಿಧಾನ…’ ಎಂದು ವೈದ್ಯರು ಹೇಳುತ್ತಿದ್ದಂತೆ ಸಿಸ್ಟರ್ ಹಿಡಿಯನ್ನು ಮುಚ್ಚುತ್ತಾ ಬರುತ್ತಾರೆ. ಕಟ್! ಹಾಟ್ ಸ್ನೇರ್‌ನಲ್ಲಿ ಕತ್ತರಿಸುವ ಮೊದಲು ಪಾಲಿಪ್ ಅನ್ನು ಗೋಡೆಯಿಂದ ದೂರಕ್ಕೆ ಎತ್ತಿ ಹಿಡಿಯುತ್ತಾರೆ, ಆಳದ ಪದರಕ್ಕೆ ಬಿಸಿ ತಾಗದಿರಲಿ ಎಂದು. ಕೋಲ್ಡ್‌ನಲ್ಲಿ ಹಾಗೆ ಎತ್ತಬಾರದು, ಎತ್ತಿದರೆ ಅಂಚು ಜಾರಿಹೋಗುತ್ತದೆ. ಹಳೆಯ ಅಭ್ಯಾಸದ ಕೈಗೆ ಇದೊಂದನ್ನು ಬಿಡುವುದೇ ಕಷ್ಟ ಎನ್ನುತ್ತಾರೆ.

ಕತ್ತರಿಸಿದ ಚೂರು ಅಲ್ಲೇ ಕೂತಿರುತ್ತದೆ, ಸ್ಕೋಪಿನ ಮೂಲಕ ಎಳೆದುಕೊಂಡರೆ ಬಲೆಯಿರುವ ಪುಟ್ಟ ಡಬ್ಬಿಯಲ್ಲಿ ಬಂದು ನಿಲ್ಲುತ್ತದೆ. ಆಮೇಲೆ ಗಾಯದ ಮೇಲೆ ನೀರು ಚಿಮ್ಮಿಸುತ್ತಾರೆ. ರಕ್ತ ತೊಳೆದುಹೋಗಿ, ಗಾಯ ಊದಿಕೊಂಡು, ಅಂಚು ಪೂರ್ತಿ ಕಾಣುತ್ತದೆ. ಕೆಲವೊಮ್ಮೆ ನಡುವೆ ಬಿಳಿ ದಾರದಂಥದ್ದೇನೋ ಎದ್ದು ನಿಂತಿರುತ್ತದೆ. ನೋಡಿದವರಿಗೆ ಬೇರು ಉಳಿಯಿತು ಎನ್ನಿಸಿಬಿಡುತ್ತದೆ. ಅದು ಲೋಳೆಪೊರೆಯ ಕೆಳಪದರದ ಎಳೆ, ಪಾಲಿಪ್ ಅಲ್ಲ. ಅಂಚಿನಲ್ಲಿ ಏನಾದರೂ ಉಳಿದಿದ್ದರೆ ಆಗಲೇ ಇನ್ನೊಂದು ಕಡಿತ ಕೊಡುತ್ತಾರೆ. ಈ ತೊಳೆದು ನೋಡುವ ಅರ್ಧ ನಿಮಿಷಕ್ಕೆ ಪುರುಸೊತ್ತಿಲ್ಲದ ಕಡೆಯೇ ಬುಡ ಉಳಿಯುವುದು.

ತಪ್ಪು ಕಲ್ಪನೆ: ಬಿಸಿ ತಾಗಿದರೆ ರಕ್ತ ಕಟ್ಟುತ್ತದೆ. ಸುಡದಿದ್ದರೆ ಸೋರುತ್ತಲೇ ಇರುತ್ತದೆ.

ವಾಸ್ತವ: ಮೊದಲರ್ಧ ಸರಿ. ಸುಟ್ಟ ಗಾಯ ಆ ಕ್ಷಣಕ್ಕೆ ಒಣಗಿದಂತೆ ಕಾಣುತ್ತದೆ; ಸುಡದ ಗಾಯದಲ್ಲಿ ಕೆಂಪು ಜಿನುಗುವುದು ಪರದೆಯ ಮೇಲೆ ಎದ್ದು ಕಾಣುತ್ತದೆ. ಆ ಜಿನುಗು ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುತ್ತದೆ. ಲೋಳೆಪೊರೆಯಲ್ಲಿರುವ ರಕ್ತನಾಳಗಳು ಕೂದಲೆಳೆಯಂಥವು.

ನಿಜವಾದ ತೊಂದರೆ ಶುರುವಾಗುವುದು ಮನೆಗೆ ಹೋದ ಮೇಲೆ. ಕರೆಂಟಿನ ಬಿಸಿ ಲೋಳೆಪೊರೆಯಲ್ಲೇ ನಿಲ್ಲುವುದಿಲ್ಲ, ಅದರ ಕೆಳಪದರಕ್ಕೆ ಇಳಿಯುತ್ತದೆ. ಕರುಳಿನ ಗೋಡೆಯೇ ಒಟ್ಟು ಎರಡು ಮೂರು ಮಿ.ಮೀ. ದಪ್ಪ, ಮತ್ತು ಕೊಂಚ ದಪ್ಪನೆಯ ರಕ್ತನಾಳಗಳು ಇರುವುದು ಆ ಕೆಳಪದರದಲ್ಲೇ. ಸುಟ್ಟ ಜಾಗದಲ್ಲಿ ಹಕ್ಕಳೆ ಕಟ್ಟುತ್ತದೆ. ಐದನೆಯ ದಿನವೋ ಹತ್ತನೆಯ ದಿನವೋ ಆ ಹಕ್ಕಳೆ ಕಳಚಿ ಬೀಳುವಾಗ ಕೆಳಗಿನ ನಾಳ ತೆರೆದುಕೊಂಡರೆ ರಕ್ತ ಧಾರಾಳವಾಗಿ ಹೋಗುತ್ತದೆ. ಅಷ್ಟರಲ್ಲಿ ರೋಗಿ ಊರು ಸೇರಿರುತ್ತಾರೆ, ಹತ್ತಿರದ ಕೊಲೊನೋಸ್ಕೊಪಿ ಕೋಣೆ ಎರಡು ಗಂಟೆ ಬಸ್ಸಿನ ದಾರಿ ಇರುತ್ತದೆ. ಮಲೆನಾಡಿನ ಒಳಗಿನ ಹಳ್ಳಿಯವರಿಗೆ ಈ ವ್ಯತ್ಯಾಸ ಬೆಂಗಳೂರಿನವರಿಗಿಂತ ಹೆಚ್ಚು ಮುಖ್ಯ ಎಂದು ನನ್ನ ಅನಿಸಿಕೆ.

ತೈವಾನಿನ ಆರು ಕೇಂದ್ರಗಳಲ್ಲಿ 4270 ಮಂದಿಯ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಈ ವಾದವನ್ನು ಬಹುಮಟ್ಟಿಗೆ ಮುಗಿಸಿತು. 4ರಿಂದ 10 ಮಿ.ಮೀ. ಪಾಲಿಪ್‌ಗಳು, ಅರ್ಧ ಜನಕ್ಕೆ ಕೋಲ್ಡ್, ಅರ್ಧ ಜನಕ್ಕೆ ಹಾಟ್. ತಡವಾಗಿ ರಕ್ತಸ್ರಾವ ಆದದ್ದು ಕೋಲ್ಡ್ ಗುಂಪಿನಲ್ಲಿ 8 ಮಂದಿಗೆ, ಹಾಟ್ ಗುಂಪಿನಲ್ಲಿ 31 ಮಂದಿಗೆ. ಶೇಕಡಾವಾರು 0.4 ಮತ್ತು 1.5. ಎರಡೂ ಕಡಿಮೆಯೇ, ಹೆದರುವಂಥದ್ದಲ್ಲ. ಆದರೆ ಸುಡುವುದರಿಂದ ಬೇರೆ ಲಾಭ ಏನೂ ಇಲ್ಲದಿರುವಾಗ ನಾಲ್ಕು ಪಟ್ಟು ಅಪಾಯವನ್ನು ಯಾಕೆ ಹೊರಬೇಕು?

ತಪ್ಪು ಕಲ್ಪನೆ: ಅಷ್ಟು ಚಿಕ್ಕದಕ್ಕೆ ಉರುಳು ಯಾಕೆ, ಚಿಮಟದಿಂದ ಚಿವುಟಿದರೆ ಸಾಕು.

ವಾಸ್ತವ: 1, 2, ಹೆಚ್ಚೆಂದರೆ 3 ಮಿ.ಮೀ. ಇದ್ದರೆ ಸಾಕು, ಅದೂ ಬಾಯಿ ದೊಡ್ಡದಾದ ಜಂಬೊ ಫೋರ್ಸೆಪ್ಸ್ ಆದರೆ ಒಂದೇ ಕಚ್ಚಿಗೆ ಮುಗಿಯುತ್ತದೆ. ಮಡಿಕೆಯ ಹಿಂದೆ ಅವಿತ, ಉರುಳು ಕೂರದ ಜಾಗದಲ್ಲಿ ಅದೇ ಸುಲಭ. ಅದಕ್ಕಿಂತ ದೊಡ್ಡದಾದರೆ ಎರಡು ಮೂರು ಸಲ ಕಚ್ಚಬೇಕು. ಮೊದಲ ಕಚ್ಚಿಗೇ ರಕ್ತ ಹರಡಿ, ಉಳಿದದ್ದು ಎಲ್ಲಿದೆ ಎಂಬುದೇ ಕಾಣುವುದಿಲ್ಲ. 5 ಮಿ.ಮೀ.ವರೆಗಿನ ಪಾಲಿಪ್‌ಗಳ ಮೇಲೆ ಕೊರಿಯಾದಲ್ಲಿ ಹೋಲಿಸಿ ನೋಡಿದಾಗ ಪೂರ್ತಿ ಹೋಗಿದ್ದು ಕೋಲ್ಡ್ ಸ್ನೇರ್‌ನಲ್ಲಿ 93.2%, ಫೋರ್ಸೆಪ್ಸ್‌ನಲ್ಲಿ 75.9%. ಯೂರೋಪಿನ ಎಂಡೊಸ್ಕೊಪಿ ಸಂಘ 2017ರಲ್ಲೇ 5 ಮಿ.ಮೀ.ವರೆಗಿನದಕ್ಕೆ ಕೋಲ್ಡ್ ಸ್ನೇರ್ ಮೊದಲ ಆಯ್ಕೆ ಎಂದು ಬರೆದಿತು, 6ರಿಂದ 9ಕ್ಕೂ ಅದನ್ನೇ ಸೂಚಿಸಿತು. ಅಮೆರಿಕದ ತಜ್ಞರ ಸಮಿತಿ 2020ರಲ್ಲಿ ಅದೇ ದಾರಿ ಹಿಡಿಯಿತು.

ಚಿಮಟಕ್ಕೇ ಕರೆಂಟ್ ಕೊಡುವ ಹಾಟ್ ಬಯಾಪ್ಸಿ ಎಂಬ ವಿಧಾನವೂ 1970ರ ದಶಕದಿಂದ ಬಹಳ ವರ್ಷ ಓಡಿತು. ಪಾಲಿಪ್ ಪೂರ್ತಿ ಹೋಗುವುದಿಲ್ಲ, ಗೋಡೆ ಆಳಕ್ಕೆ ಸುಡುತ್ತದೆ, ಪರೀಕ್ಷೆಗೆ ಕಳಿಸಿದ ಚೂರೂ ಬೆಂದು ಹಾಳಾಗಿರುತ್ತದೆ. ಮೂರೂ ಕೆಟ್ಟದ್ದು. ಈಗಿನ ಮಾರ್ಗಸೂಚಿಗಳು ಅದನ್ನು ಬೇಡವೆನ್ನುತ್ತವೆ. ನಿಮ್ಮ ವರದಿಯಲ್ಲಿ ಆ ಹೆಸರು ಕಂಡರೆ ಯಾಕೆಂದು ಕೇಳುವುದರಲ್ಲಿ ತಪ್ಪಿಲ್ಲ.

ತಪ್ಪು ಕಲ್ಪನೆ: ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ವಾರ ಮೊದಲೇ ಎಲ್ಲ ಮಾತ್ರೆ ನಿಲ್ಲಿಸಬೇಕು.

ವಾಸ್ತವ: ಇದು ಪಾಲಿಪ್‌ಗಿಂತ ಅಪಾಯದ ನಂಬಿಕೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಕೃತಕ ಕವಾಟ ಇರುವವರು ಯಾರನ್ನೂ ಕೇಳದೆ ಮಾತ್ರೆ ಬಿಟ್ಟು ಬರುತ್ತಾರೆ. ಕರುಳಿನಿಂದ ಹೋದ ರಕ್ತವನ್ನು ನಿಲ್ಲಿಸಬಹುದು. ಸ್ಟೆಂಟ್ ಕಟ್ಟಿಕೊಂಡರೆ, ಮಿದುಳಿಗೆ ರಕ್ತದ ಗಡ್ಡೆ ಹೋದರೆ ಆಗುವ ಹಾನಿ ಬೇರೆ ಮಟ್ಟದ್ದು. ಎಕೋಸ್ಪ್ರಿನ್‌ನಂಥ ಆ್ಯಸ್ಪಿರಿನ್ ಮಾತ್ರೆಯನ್ನು ಸಣ್ಣ ಪಾಲಿಪ್ ತೆಗೆಯಲು ಸಾಮಾನ್ಯವಾಗಿ ನಿಲ್ಲಿಸುವುದೇ ಇಲ್ಲ.

ವಾರ್ಫರಿನ್ ಥರದ ಗಟ್ಟಿ ಔಷಧಗಳ ವಿಷಯದಲ್ಲಿ ಕೋಲ್ಡ್ ಸ್ನೇರ್ ಲೆಕ್ಕಾಚಾರವನ್ನೇ ಬದಲಿಸುತ್ತಿದೆ. ಜಪಾನಿನಲ್ಲಿ ವಾರ್ಫರಿನ್ ಮುಂದುವರಿಸಿಕೊಂಡೇ ಸಣ್ಣ ಪಾಲಿಪ್ ತೆಗೆಸಿಕೊಂಡ 70 ಮಂದಿಯನ್ನು ಗಮನಿಸಿ 2014ರಲ್ಲಿ ಬರೆದರು: ಚಿಕಿತ್ಸೆ ಬೇಕಾಗುವಂಥ ತಡವಾದ ರಕ್ತಸ್ರಾವ ಹಾಟ್ ಗುಂಪಿನಲ್ಲಿ 14%, ಕೋಲ್ಡ್ ಗುಂಪಿನಲ್ಲಿ ಸೊನ್ನೆ. 2019ರಲ್ಲಿ ಅಲ್ಲಿಂದಲೇ ಬಂದ ಇನ್ನೂ ದೊಡ್ಡ ಅಧ್ಯಯನವೊಂದು, ಔಷಧ ನಿಲ್ಲಿಸಿ ನಡುವೆ ಅದರ ಬದಲಿಗೆ ಹೆಪಾರಿನ್ ಚುಚ್ಚುಮದ್ದು ಕೊಟ್ಟು ಸುಡುವುದಕ್ಕಿಂತ, ಔಷಧ ಮುಂದುವರಿಸಿ ಕೋಲ್ಡ್ ಸ್ನೇರ್ ಬಳಸುವುದೇ ಮೇಲು ಎಂಬ ಕಡೆಗೆ ಬೆರಳು ಮಾಡಿತು. ದೊಡ್ಡ ರಕ್ತಸ್ರಾವ 12.0%ರಿಂದ 4.7%ಕ್ಕೆ ಇಳಿದಿತ್ತು. ಹಾಗೆಂದು ಓದುಗರು ತಾವೇ ತೀರ್ಮಾನಿಸಿಕೊಳ್ಳುವ ವಿಷಯ ಇದಲ್ಲ. ಕ್ಲೊಪಿಡೊಗ್ರೆಲ್‌ಗೆ ಒಂದು ಕ್ರಮ, ಹೊಸ ಮಾತ್ರೆಗಳಿಗೆ ಇನ್ನೊಂದು. ಮಾತ್ರೆಯ ಚೀಟಿ ಹಿಡಿದು ಹೃದಯದ ಡಾಕ್ಟರನ್ನೂ ಕರುಳಿನ ಡಾಕ್ಟರನ್ನೂ ಕೇಳಿ. ಇಬ್ಬರೂ ಒಂದೇ ಮಾತು ಹೇಳಿದರೆ ಅದರಂತೆ ನಡೆಯಿರಿ, ಹೇಳದಿದ್ದರೆ ಅವರಿಬ್ಬರನ್ನು ಫೋನಿನಲ್ಲಿ ಮಾತಾಡಿಸಿ.

ತಪ್ಪು ಕಲ್ಪನೆ: ಕೋಲ್ಡ್ ಅಷ್ಟು ಒಳ್ಳೆಯದಾದರೆ ಎಲ್ಲ ಪಾಲಿಪ್‌ಗೂ ಅದನ್ನೇ ಬಳಸಲಿ.

ವಾಸ್ತವ: ಹೊಸದು ಬಂದಾಗ ಅದನ್ನೇ ಎಲ್ಲಕ್ಕೂ ಹಚ್ಚುವುದು ವೈದ್ಯಲೋಕದ ಚಾಳಿ ಕೂಡ. ಕರೆಂಟಿಗೆ ಈಗಲೂ ಅದರದೇ ಜಾಗ ಇದೆ. ತೊಟ್ಟಿರುವ ದೊಡ್ಡ ಪಾಲಿಪ್‌ಗೆ ಅದು ಬೇಕು. ನಡುವೆ ತಗ್ಗಾಗಿ, ಮೇಲ್ಮೈ ವಿಕಾರವಾಗಿ, ಕ್ಯಾನ್ಸರ್‌ನ ಅನುಮಾನ ಬರುವಂತಿದ್ದರೆ ಗಾತ್ರ ಚಿಕ್ಕದಿದ್ದರೂ ಕೋಲ್ಡ್ ಸ್ನೇರ್ ಸಲ್ಲದು. ಅದು ಆಳಕ್ಕೆ ಹೋಗದೆ ಮೇಲುಮೇಲೆ ಕತ್ತರಿಸುತ್ತದೆ, ಅಲ್ಲಿ ಕ್ಯಾನ್ಸರ್ ಎಷ್ಟು ಆಳ ಇಳಿದಿದೆ ಎಂಬುದೇ ಗೊತ್ತಾಗಬೇಕಾದ ಸಂಗತಿ. 10 ಮಿ.ಮೀ. ದಾಟಿದ ಅಡೆನೋಮಾಗಳಿಗೆ ಕೆಳಗೆ ದ್ರಾವಣ ಚುಚ್ಚಿ, ಗಂಟನ್ನು ಮೇಲಕ್ಕೆ ಉಬ್ಬಿಸಿ, ಆಮೇಲೆ ಹಾಟ್ ಸ್ನೇರ್‌ನಿಂದ ತೆಗೆಯುವ ಇಎಂಆರ್ ರೂಢಿಯಲ್ಲಿದೆ. ಚಪ್ಪಟೆ ಸೆರೇಟೆಡ್‌ಗಳನ್ನು ಮಾತ್ರ, ದೊಡ್ಡದಾದರೂ, ಕೋಲ್ಡ್‌ನಲ್ಲೇ ತುಂಡುತುಂಡಾಗಿ ತೆಗೆಯುವ ಕಡೆಗೆ ಒಲವು ಹೆಚ್ಚುತ್ತಿದೆ.

ತಪ್ಪು ಕಲ್ಪನೆ: ಪಾಲಿಪ್ ಕತ್ತರಿಸಿದರೆ ಕರುಳು ತೂತಾಗುತ್ತದೆ.

ವಾಸ್ತವ: ಸಣ್ಣ ಪಾಲಿಪ್ ಅನ್ನು ಕೋಲ್ಡ್ ಸ್ನೇರ್‌ನಿಂದ ತೆಗೆದಾಗ ತೂತಾಗುವುದು ಅತ್ಯಂತ ಅಪರೂಪ. ತಂತಿ ಲೋಳೆಪೊರೆಯನ್ನು ಕತ್ತರಿಸಬಲ್ಲದು, ಸ್ನಾಯುಪದರ ಸಿಕ್ಕಿದರೆ ಕತ್ತರಿಸಲಾಗದೆ ಅಲ್ಲೇ ನಿಂತುಬಿಡುತ್ತದೆ. ಕರೆಂಟಿಗೆ ಆ ವಿವೇಕ ಇಲ್ಲ. ತೂತಾಗದಿದ್ದರೂ ಗೋಡೆಯ ಪೂರ್ತಿ ದಪ್ಪಕ್ಕೆ ಬಿಸಿ ತಾಗಿ, ಮರುದಿನ ಜ್ವರ, ಹೊಟ್ಟೆನೋವು ಬಂದು ಆಸ್ಪತ್ರೆಯಲ್ಲಿ ಮಲಗುವ ಪರಿಸ್ಥಿತಿ ಉಂಟು. ಕೋಲ್ಡ್‌ನಲ್ಲಿ ಸುಡುವುದೇ ಇಲ್ಲವಾದ್ದರಿಂದ ಆ ಪ್ರಶ್ನೆಯೇ ಬರುವುದಿಲ್ಲ.

ಇನ್ನೊಂದು ಸಂಗತಿ ಕೇಳಿದರೆ ಹಲವರು ನಗುತ್ತಾರೆ. ಕರುಳಿನಲ್ಲಿ ಹೈಡ್ರೋಜನ್, ಮೀಥೇನ್ ಅನಿಲಗಳಿರುತ್ತವೆ, ಕಿಡಿ ತಾಗಿದರೆ ಸ್ಫೋಟ ಆಗಬಲ್ಲದು. ಹೊಟ್ಟೆ ಶುದ್ಧಿಗೆ ಮ್ಯಾನಿಟಾಲ್ ಕುಡಿಸಿ ಕರೆಂಟ್ ಬಳಸಿದಾಗ ಫ್ರಾನ್ಸಿನಲ್ಲಿ ಸಾವೇ ಸಂಭವಿಸಿದ ಪ್ರಕರಣ 1979ರಲ್ಲಿ ವರದಿಯಾಗಿತ್ತು. ಕರುಳಿನ ಬ್ಯಾಕ್ಟೀರಿಯಾ ಮ್ಯಾನಿಟಾಲ್ ತಿಂದು ಹೈಡ್ರೋಜನ್ ಬಿಡುತ್ತವೆ. ಈಗ ಪಿಇಜಿ ಪುಡಿಯ ನೀರು ಕುಡಿಸುವುದರಿಂದ ಆ ಭಯ ದೂರವಾಗಿದೆ. ಆದರೂ ಶುದ್ಧಿ ಅರೆಬರೆಯಾಗಬಾರದು. ಹಿಂದಿನ ರಾತ್ರಿ ಅರ್ಧ, ಪರೀಕ್ಷೆಯ ದಿನ ಬೆಳಗಿನ ಜಾವ ಅರ್ಧ ಕುಡಿಯಿರಿ ಎಂದು ಹೇಳಿದರೆ ನಿದ್ದೆಗೆಡುವುದೆಂದು ಎಲ್ಲವನ್ನೂ ರಾತ್ರಿಯೇ ಮುಗಿಸಿಬಿಡುವವರಿದ್ದಾರೆ. ಬೆಳಗ್ಗೆ ಬಲಭಾಗದ ಕರುಳಿನಲ್ಲಿ ಹಳದಿ ಗಸಿ ಬಳಿದುಕೊಂಡಿರುತ್ತದೆ, 4 ಮಿ.ಮೀ. ಪಾಲಿಪ್ ಅದರಡಿ ಮಾಯ. ಕಬ್ಬಿಣದ ಮಾತ್ರೆ ನುಂಗುವವರು ವಾರ ಮೊದಲೇ ಡಾಕ್ಟರಿಗೆ ತಿಳಿಸಿ ನಿಲ್ಲಿಸದಿದ್ದರೆ ಗಸಿ ಕಪ್ಪಾಗಿರುತ್ತದೆ.

ತಪ್ಪು ಕಲ್ಪನೆ: ಗಾಯದ ಅಂಚು ಹಿಡಿದು ಮುಚ್ಚುವ ಪುಟ್ಟ ಕ್ಲಿಪ್ ಹಾಕದೆ ಕಳಿಸಿದರೆ ನಿರ್ಲಕ್ಷ್ಯ.

ವಾಸ್ತವ: ಅಲ್ಲ. ಸಣ್ಣ ಪಾಲಿಪ್ ತೆಗೆದ ಗಾಯಕ್ಕೆ ಮುನ್ನೆಚ್ಚರಿಕೆಯ ಹೆಸರಿನಲ್ಲಿ ಕ್ಲಿಪ್ ಹಾಕಿ ಲಾಭವಿಲ್ಲ, ಬಿಲ್ಲು ಮಾತ್ರ ಬೆಳೆಯುತ್ತದೆ. ರಕ್ತ ನಿಲ್ಲದಿದ್ದಾಗ ಹಾಕುವುದು ಬೇರೆ ಮಾತು.

ತಪ್ಪು ಕಲ್ಪನೆ: ಪಾಲಿಪ್ ತೆಗೆಸಿಕೊಂಡವರು ತಿಂಗಳು ಗಂಜಿ ಕುಡಿಯಬೇಕು.

ವಾಸ್ತವ: ಸಣ್ಣದಾಗಿದ್ದರೆ ಅಂದೇ ಇಡ್ಲಿ ತಿನ್ನಬಹುದು, ಮರುದಿನ ಮುದ್ದೆಯನ್ನೂ. ಮಂಪರು ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸಬಾರದು, ಸಹಿ ಹಾಕುವ ವ್ಯವಹಾರ ಇಟ್ಟುಕೊಳ್ಳಬಾರದು. ಒಂದೆರಡು ಸಲ ಮಲದಲ್ಲಿ ರಕ್ತದ ಎಳೆ ಕಂಡರೆ ಗಾಬರಿ ಬೇಡ. ಪದೇಪದೇ ಕೆಂಪು ರಕ್ತ ಅಥವಾ ಗಡ್ಡೆ ಹೋಗುವುದು, ತಲೆಸುತ್ತು, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಜ್ವರ, ಹೊಟ್ಟೆ ಗಟ್ಟಿಯಾಗುವುದು: ಇವು ಎರಡು ವಾರದೊಳಗೆ ಯಾವಾಗ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು, ಪಾಲಿಪ್ ತೆಗೆಸಿಕೊಂಡ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಬೇಕು. ಹತ್ತು ದಿನದ ಹಿಂದಿನದ್ದಕ್ಕೂ ಇದಕ್ಕೂ ಏನು ಸಂಬಂಧ ಎಂದು ಸುಮ್ಮನಿದ್ದರೆ ತುರ್ತು ವಿಭಾಗದವರು ಬೇರೆ ಯಾವುದೋ ಕಾರಣ ಹುಡುಕುತ್ತಾ ಕೂರುತ್ತಾರೆ.

ತಪ್ಪು ಕಲ್ಪನೆ: ಒಮ್ಮೆ ಪಾಲಿಪ್ ಸಿಕ್ಕಿದರೆ ಪ್ರತಿ ವರ್ಷ ಕೊಲೊನೋಸ್ಕೊಪಿ. ಮಕ್ಕಳಿಗೂ ಕೂಡಲೇ.

ವಾಸ್ತವ: ಪ್ರತಿ ವರ್ಷ ಬೇಕಿಲ್ಲ. ಕರುಳು ಚೆನ್ನಾಗಿ ಶುದ್ಧಿಯಾಗಿದ್ದು, 10 ಮಿ.ಮೀ. ಒಳಗಿನ ಸಾಮಾನ್ಯ ಅಡೆನೋಮಾ ಒಂದೋ ಎರಡೋ ಸಿಕ್ಕಿ, ಪೂರ್ತಿ ತೆಗೆದಿದ್ದರೆ ಅಮೆರಿಕದ 2020ರ ಮಾರ್ಗಸೂಚಿಯ ಪ್ರಕಾರ ಮುಂದಿನದು 7ರಿಂದ 10 ವರ್ಷಕ್ಕೆ. ಮೂರು ನಾಲ್ಕಿದ್ದರೆ 3ರಿಂದ 5 ವರ್ಷ, ಐದರಿಂದ ಹತ್ತಿದ್ದರೆ 3 ವರ್ಷ. ಯೂರೋಪಿನವರು ಇನ್ನೂ ಉದಾರಿಗಳು: ನಾಲ್ಕರವರೆಗೆ ಸಣ್ಣ, ಸಾಧುವಾದ ಅಡೆನೋಮಾ ಇದ್ದವರನ್ನು ಉಳಿದ ಜನಸಾಮಾನ್ಯರ ಸಾಲಿಗೇ ಸೇರಿಸುತ್ತಾರೆ. ಅವಧಿ ಬೇಗ ಬರಬೇಕಾದದ್ದು ಶುದ್ಧಿ ಸರಿ ಆಗದಿದ್ದಾಗ, ತುಂಡುತುಂಡಾಗಿ ತೆಗೆದಾಗ, ಬಯಾಪ್ಸಿಯಲ್ಲಿ ಗಂಭೀರ ಬದಲಾವಣೆ ಕಂಡಾಗ.

ನಮ್ಮಲ್ಲಿ ಕಾಣುವುದು ಇದರ ಉಲ್ಟಾ ತೊಂದರೆ. ಸರ್ಕಾರದ ತಪಾಸಣಾ ಕಾರ್ಯಕ್ರಮ 30 ದಾಟಿದವರಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ನೋಡುತ್ತದೆ, ಕರುಳಿನದು ಅದರಲ್ಲಿಲ್ಲ. ಭಾರತದಲ್ಲಿ ಈ ಕ್ಯಾನ್ಸರ್ ಪಶ್ಚಿಮ ದೇಶಗಳಿಗಿಂತ ಕಡಿಮೆ ಇರುವುದು ಅದಕ್ಕೊಂದು ಕಾರಣ. ಹಾಗಾಗಿ ಇಲ್ಲಿ ಬಹುಪಾಲು ಮಂದಿ ರಕ್ತ ಹೋಯಿತೆಂದೋ ರಕ್ತಹೀನತೆ ಬಂತೆಂದೋ ಸ್ಕೋಪ್ ಮಾಡಿಸಿಕೊಳ್ಳಲು ಬಂದಾಗ ಪಾಲಿಪ್ ಸಿಗುತ್ತದೆ. ಡಲ್ಲಾಸಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಮಗನಿಗೆ 45 ತುಂಬಿದ್ದೇ ತಪಾಸಣೆಗೆ ಬನ್ನಿ ಎಂದು ಕರೆ ಬರುತ್ತದೆ, ಅವನು ಅಲ್ಲಿಂದ ಫೋನ್ ಮಾಡಿ ‘ಅಪ್ಪಾ, ನೀವೂ ಮಾಡಿಸ್ಕೊಳ್ಳಿ’ ಎನ್ನುತ್ತಾನೆ. ‘ನನಗೇನಾಗಿದೆಯೋ, ಸುಮ್ನಿರು’ ಎಂದು ಅಪ್ಪ ಫೋನ್ ಇಡುತ್ತಾರೆ. ಲಕ್ಷಣ ಏನೂ ಇಲ್ಲದ ಅಪ್ಪನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ಆದರೆ ಮಲದಲ್ಲಿ ರಕ್ತ ಕಂಡ 50ರ ಮೇಲ್ಪಟ್ಟವರು ಪೈಲ್ಸ್ ಇರಬೇಕು ಎಂದುಕೊಂಡು ವರ್ಷಗಟ್ಟಲೆ ಮುಲಾಮು ಹಚ್ಚುತ್ತಾ ಕೂರುವುದನ್ನು ಒಪ್ಪಲಾರೆ.

ಮಕ್ಕಳ ವಿಷಯ: ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ 60ಕ್ಕೂ ಮೊದಲು ಕರುಳಿನ ಕ್ಯಾನ್ಸರ್ ಇಲ್ಲವೇ 10 ಮಿ.ಮೀ. ದಾಟಿದ ಅಡೆನೋಮಾ ಬಂದಿದ್ದರೆ 40ನೆಯ ವಯಸ್ಸಿಗೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಪರೀಕ್ಷೆ ಶುರುಮಾಡಬೇಕು. ಅಪ್ಪನ ಒಂದು 6 ಮಿ.ಮೀ. ಅಡೆನೋಮಾಕ್ಕೆ ಮಕ್ಕಳು ಅವಸರಪಡಬೇಕಿಲ್ಲ. ಬಯಾಪ್ಸಿ ವರದಿ ಬರಲು ವಾರದ ಮೇಲಾಗಬಹುದು. ಪಾಲಿಪ್ ಹೋಯಿತಲ್ಲ ಎಂದು ಅದನ್ನು ತರಲು ಮರಳಿ ಹೋಗದವರು ಬಹಳ. ಹೋಗಿ ತನ್ನಿ, ಸ್ಕೋಪಿಯ ವರದಿಯ ಜೊತೆಗೇ ಕಡತಕ್ಕೆ ಸೇರಿಸಿ. ಏಳು ವರ್ಷದ ನಂತರ ಬೇರೆ ಊರಿನಲ್ಲಿ ಬೇರೆ ವೈದ್ಯರು ಕೇಳುವುದು ನಾಲ್ಕೇ ವಿವರ: ಎಷ್ಟು ಸಿಕ್ಕಿದವು, ಎಷ್ಟು ದೊಡ್ಡವು, ಯಾವ ಜಾತಿ, ಒಂದೇ ತುಂಡಾಗಿ ಬಂದವೇ.